ತೊಳೆಯದ ಡಬ್ಬಿ

ಹುಮನಾಬಾದಿನಲ್ಲಿ ಮಾಸ್ತರನಾಗಿದ್ದ ಕಾಲದಲ್ಲಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನನಗೆ ಮಂಕು ಕವಿಯಿತು. ಡಾಕ್ಟರು ಖಿನ್ನತೆ ಅಂದರು, ಓಣಿಯವರು ಸೊಕ್ಕು ಅಂದರು. ಎರಡು ತಿಂಗಳು ಶಾಲೆಗೆ ಹೋಗಲಿಲ್ಲ. ದಿಂಬು ನನ್ನದೇ ತಲೆಯ ಎಣ್ಣೆಗೆ ಕಮಟುತ್ತಿತ್ತು, ನನ್ನ ಮೈವಾಸನೆಗೆ ನನಗೇ ವಾಕರಿಕೆ. ಅದಕ್ಕಿಂತ ಹೊಲಸೆಂದರೆ ನನ್ನ ನೆನಪು. ಹಿಂದಿನದನ್ನು ನೆನೆಯಲು ಹೋದರೆ ಒಂದೇ ಒಂದು ದಿನವೂ ಬಿಡಿಯಾಗಿ ಬರುತ್ತಿರಲಿಲ್ಲ. ಎಲ್ಲ ಕಲಸಿ ಮುದ್ದೆಯಾಗಿ, 'ಯಾವಾಗಲೂ ಹೀಗೇ ಆಯಿತು, ಯಾರೂ ನನ್ನನ್ನು ನೋಡಲಿಲ್ಲ' ಎಂದು ಬರುತ್ತಿತ್ತು. ನಾನೂ ಅದನ್ನೇ ನಂಬಿದೆ, ಥೂ.

ಸುದ್ದಿ ಕೇಳಿ ನಮ್ಮೂರು ಕೊಹಿನೂರಿನಿಂದ ವೈನಿ ಬಂದರು. ಅಣ್ಣನ ಹೆಂಡತಿ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವರು ಅವರೇ. ನಾನು ಬಸವಕಲ್ಯಾಣದಲ್ಲಿ ಬಾಡಿಗೆ ಖೋಲಿ ಹಿಡಿದು ಓದುತ್ತಿದ್ದ ಮೂರು ವರ್ಷ ಬೆಳಗಿನ ಬಸ್ಸಿಗೆ ಬುತ್ತಿ ಕಳಿಸಿದವರು. ಆಗ ಹಳ್ಳಿ ಹುಡುಗರೆಲ್ಲರ ಊಟ ಹಾಗೇ ಬರುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ನಮ್ಮ ನಮ್ಮ ಬುತ್ತಿ ಹುಡುಕಿ ಒಯ್ಯುವುದು, ಖಾಲಿ ಡಬ್ಬಿಯನ್ನು ಸಂಜೆ ಬಸ್ಸಿಗೆ ವಾಪಸು ಹಾಕುವುದು.

ವೈನಿ ಅದೇ ಹಿತ್ತಾಳೆ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಲೆ ತಂದಿದ್ದರು. ಉಂಡು ತಮ್ಮ ಜೊತೆ ಊರಿಗೆ ಬರಬೇಕು ಎಂದು ಹಟ ಹಿಡಿದರು. ನಾನು ತಾಟು ದೂಡಿದೆ.

"ನೀವು ಯಾವಾಗ್ಲೂ ಹಳಸಿದ್ದೇ ಕಳಿಸ್ತಿದ್ರಿ, ವೈನಿ."

ಅವರು ಸಿಟ್ಟಾಗಲಿಲ್ಲ. ಯಾವ ದಿನ ಹಳಸಿತ್ತು, ಒಂದು ದಿನ ಹೇಳು ಅಂದರು. ಬೂಷ್ಟು ಹಿಡಿದ ಪಲ್ಲೆ ಕಣ್ಣಿಗೆ ಕಟ್ಟಿದಂತಿತ್ತು, ನಾತ ಮೂಗಿನಲ್ಲೇ ಇತ್ತು. ದಿನ ಮಾತ್ರ ಹೊಳೆಯಲಿಲ್ಲ.

"ನಾ ಹೇಳ್ತೀನಿ ಕೇಳು ತಮ್ಮಾ. ನೀ ಕುಸ್ತಿ ನೋಡ್ಲಾಕ ಹೋಗಿ ಎರಡು ದಿನ ಬುತ್ತಿ ಒಯ್ದಿದ್ದಿಲ್ಲ. ಹಳಸಿದ್ದು ಅದೊಂದೇ ಸಲ. ಆದ್ರ ಖಾಲಿ ಡಬ್ಬಿ ನೀ ಒಮ್ಮಿನೂ ತೊಳದು ಕಳಿಸಲಿಲ್ಲ. ಯುಗಾದಿ ಹೋಳಿಗಿ ಡಬ್ಬಿ ನಾಕು ದಿನ ಬಿಟ್ಟು ಬಂತು, ತೆಗದ್ರ ಹುಳ. ನಾ ಯಾರ ಮುಂದೂ ಅಂದಿಲ್ಲ."

ಬಸ್‌ಸ್ಟ್ಯಾಂಡಿನಲ್ಲೇ ನಳ ಇತ್ತು. ಎಂಜಲು ತೊಳೆಯುವುದು ನನಗೆ ಹೇಸಿಗೆ ಅನ್ನಿಸುತ್ತಿತ್ತು, ಅಷ್ಟೇ. ಅವರು ಬಿಸಿಬಿಸಿ ಕಟ್ಟಿ ಕಳಿಸಿದ ಅಷ್ಟು ಬೆಳಗುಗಳಲ್ಲಿ ನನ್ನ ತಲೆ ಇಟ್ಟುಕೊಂಡದ್ದು ಕೊಳೆತದ್ದೊಂದನ್ನೇ. ಆ ಕೊಳೆಯೂ ನನ್ನದೇ.

ತಾಟು ಎಳೆದುಕೊಂಡು ಉಂಡೆ. ರುಚಿ ಹತ್ತಲಿಲ್ಲ, ಆದರೂ ಉಂಡೆ. ಆಮೇಲೆ ಎದ್ದು, ಬೂದಿ ಹಚ್ಚಿ ಡಬ್ಬಿಯನ್ನು ಎರಡೆರಡು ಸಲ ತಿಕ್ಕಿ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟೆ. ಊರಿಗೆ ಹೊರಡುವ ಮೊದಲು ಉಳಿದ ರೊಟ್ಟಿ ಇಡಲೆಂದು ವೈನಿ ಅದರ ಮುಚ್ಚಳ ತೆಗೆದರು. ತೆಗೆಯುವಾಗ, ತಮಗೆ ಗೊತ್ತಿಲ್ಲದೆಯೇ, ಉಸಿರು ಬಿಗಿಹಿಡಿದು ಮುಖ ಆಚೆ ತಿರುಗಿಸಿದರು.