ಒಂಟೆ ಕೊಟ್ಟು ನಾಲ್ಕನೇ ಮೇಜಿಗೆ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ. ಒಂಬತ್ತನೇ ತರಗತಿ, ದಸರಾ ರಜೆಗೆ ಮನೆಗೆ ಬಂದವನು ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗಲಿಲ್ಲ, ವೆಲ್ಡಿಂಗ್ ಶೆಡ್ಡಿಗೆ ಹೋದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಬ್ಬಿಣಕ್ಕೂ ನನಗೂ ಮೊದಲ ದಿನವೇ ಹೊಂದಿಕೊಂಡಿತು. ಬ್ಯಾಟರಾಯನಪುರದಿಂದ ಹೆಬ್ಬಾಳದವರೆಗೆ ಎಷ್ಟೋ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು ನನ್ನ ಕೈಯಿಂದ ಆದವು. ಸ್ಕೂಟರಿನಲ್ಲಿ ಹೋಗುವಾಗ ಈಗಲೂ ಒಂದೊಂದನ್ನೇ ನೋಡಿಕೊಂಡು ಹೋಗುತ್ತೇನೆ, ಬಣ್ಣ ಹೊಡೆಸದೆ ಬಿಟ್ಟವರ ಮೇಲೆ ಸಿಟ್ಟೂ ಬರುತ್ತದೆ.

ಚೆಸ್ ಮಾತ್ರ ಶೆಡ್ಡಿನಲ್ಲಿ ಕಲಿತದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ಜಗಲಿಯ ಮೇಲೆ ಇದ್ದಿಲಿನಿಂದ ಮನೆಗಳನ್ನು ಗೀಚಿ ಆಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಒಂದೇ ಆರಂಭ. ನನಗೆ ಈಗಲೂ ಗೊತ್ತಿರುವುದು ಅದೊಂದೇ. ಮೊದಲು ರಾಜನ ಎದುರಿನ ಸಿಪಾಯಿ, ಆಮೇಲೆ ಕುದುರೆ, ಆಮೇಲೆ ಒಂಟೆ. ಎದುರಿನವನೂ ಹಾಗೇ ಇಳಿಸುತ್ತಾನೆ. ಇಲ್ಲಿಯವರೆಗೆ ಎಲ್ಲರೂ ಮರ್ಯಾದಸ್ಥರು. ನಾಲ್ಕನೇ ನಡೆಗೆ ನನ್ನ ಒಂಟೆ ಓರೆಯಾಗಿ ಓಡಿ ಅವನ ರಾಜನ ಪಕ್ಕದ ಸಿಪಾಯಿಯನ್ನು ಹೊಡೆದು ಚೆಕ್ ಕೊಡುತ್ತದೆ. ರಾಜ ಒಂಟೆಯನ್ನು ನುಂಗುತ್ತಾನೆ. ಕೂಡಲೇ ನನ್ನ ಕುದುರೆ ನಡುವಿನ ಸಿಪಾಯಿಯನ್ನು ಹೊಡೆದು ಮತ್ತೆ ಚೆಕ್. ಅದನ್ನೂ ಅವನು ನುಂಗುತ್ತಾನೆ. ಆಗ ಮಂತ್ರಿ ಹೊರಗೆ ಬಂದು ಮೂರನೇ ಚೆಕ್. ಒಂಟೆ ಹೋಯಿತು, ಕುದುರೆ ಹೋಯಿತು, ಆದರೆ ಎದುರಿನವನ ಮುಖದ ಬಣ್ಣವೂ ಹೋಗಿರುತ್ತದೆ.

"ಒಂಟೆ ಓದ್ರೆ ಓಗ್ಲಿ, ಮೊದ್ಲು ರಾಜನ್ ಕಾಲ್ ಮುರೀಬೇಕು ಕಣ್ಲಾ," ಎನ್ನುತ್ತಿದ್ದರು ಅಪ್ಪ.

ಆರ್‌.ಟಿ. ನಗರದ ಒಂದು ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಚೆಸ್ ನಡೆಯುತ್ತದೆ ಎಂದು ಹೇಳಿದವನು ನನ್ನ ಬಾಮೈದ. ಆಟೋ ಓಡಿಸುವವನು, ಪಾರ್ಕಿನ ಗೇಟೇ ಅವನ ಸ್ಟ್ಯಾಂಡು. ಅಲ್ಲಿ ನಾಲ್ಕು ಕಲ್ಲಿನ ಮೇಜುಗಳಿವೆ, ಮೇಜಿಗೆ ಇಬ್ಬರು. ಒಂದು ಭಾನುವಾರಕ್ಕೆ ಒಂದೇ ಆಟ. ಗೆದ್ದವನು ಮುಂದಿನ ವಾರ ಒಂದು ಮೇಜು ಮೇಲೆ, ಸೋತವನು ಒಂದು ಮೇಜು ಕೆಳಗೆ. ಹತ್ತು ಗಂಟೆಗೆ ಕಾವಲುಗಾರ ಸೀಟಿ ಊದಿ ಗೇಟು ಹಾಕುತ್ತಾನೆ, ಆಗ ಮುಗಿಯದ ಆಟ ಸಮ. ಸಮವಾದರೆ ಇಬ್ಬರೂ ಇದ್ದ ಮೇಜಿನಲ್ಲೇ ಉಳಿಯುತ್ತಾರೆ, ಕೆಳಗಿನ ಮೇಜಿನಲ್ಲಿ ಗೆದ್ದು ಕಾದವನು ಅಲ್ಲೇ ಕಾಯಬೇಕು. ಈ ನಿಯಮವನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ, ಮುರಿದವರೂ ಇಲ್ಲ.

ಒಂದನೇ ಮೇಜು ಗೇಟಿನ ಪಕ್ಕ, ಪೂರ್ತಿ ಬಿಸಿಲು. ಬೂದುಗುಂಬಳದ ರಸ ಕುಡಿಯುತ್ತ ನಿಂತವರೆಲ್ಲ ಅಲ್ಲಿ ಸಲಹೆ ಕೊಡುತ್ತಾರೆ. ನಾಲ್ಕನೆಯದು ಹೊಂಗೆ ಮರದ ಕೆಳಗೆ. ಅಲ್ಲಿ ನೆರಳಿದೆ, ಅಲ್ಲಿ ಆಡುವವರಿಗೆ ಯಾರೂ ಸಲಹೆ ಕೊಡುವುದಿಲ್ಲ, ಸುಮ್ಮನೆ ಕೈ ಕಟ್ಟಿಕೊಂಡು ನೋಡುತ್ತಾರೆ. ಮೊದಲ ದಿನವೇ ನನ್ನ ಕಣ್ಣು ಆ ಮೇಜಿನ ಮೇಲೆ ಬಿತ್ತು. ಅಪ್ಪನ ಆಟ ಇಟ್ಟುಕೊಂಡೇ ಅಲ್ಲಿಗೆ ಹೋಗಬೇಕು, ಹೋದ ಮೇಲೆ ಎರಡನೇ ಭಾನುವಾರವೂ ಅಲ್ಲೇ ಕೂರಬೇಕು ಎಂದು ಮನಸ್ಸಿನಲ್ಲಿ ಹಾಕಿಕೊಂಡೆ. ಒಂದು ವಾರ ಯಾರು ಬೇಕಾದರೂ ಕೂರಬಹುದು. ಎರಡನೇ ವಾರವೂ ಕೂತರೆ ಅದು ಅವನ ಜಾಗ.

ಒಂದನೇ ಮೇಜಿನಲ್ಲಿ ಸಿಕ್ಕವನು ಬಾಮೈದನೇ. ಮೂರನೇ ಚೆಕ್ ಬಿದ್ದ ತಕ್ಷಣ ಗಾಬರಿಯಾಗಿ ರಾಜನ ಪಕ್ಕದ ಇನ್ನೊಂದು ಸಿಪಾಯಿಯನ್ನು ಒಂದು ಮನೆ ಮುಂದೆ ತಳ್ಳಿ ಮಂತ್ರಿಗೆ ಅಡ್ಡ ಇಟ್ಟ. ಅದರಿಂದ ಹಿಂದೆ ದಾರಿ ತೆರೆಯಿತು. ನಡುವಿನ ಕುದುರೆಯನ್ನು ಹೊಡೆದೆ, ಮೂಲೆಯ ಆನೆ ನನ್ನ ಮಂತ್ರಿಯ ಬಾಯಿಗೆ ಬಂತು.

"ಭಾವ, ಮನೇಲಿ ಹಬ್ಬಕ್ಕೆ ಕರೆದು ಹಿಂಗಾ ಮಾಡೋದು?"

"ಹಬ್ಬ ಆಯ್ತಲ್ಲ, ಈಗ ಆನೆ ಎತ್ಕೊಡು."

ಎರಡನೇ ಮೇಜಿನಲ್ಲಿ ಇದ್ದವರು ನಮ್ಮ ಕಡೆಯ ಹಳೇ ಊರಿನ ಗೌಡರು. ಹೊಲ ಇದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳು. ಅವರಿಗೆ ಗಾಬರಿ ಇಲ್ಲ. ಒಂಟೆ ಕೊಟ್ಟೆ, ತೆಗೆದು ಪಕ್ಕಕ್ಕೆ ನೀಟಾಗಿ ಇಟ್ಟುಕೊಂಡರು. ಕುದುರೆ ಕೊಟ್ಟೆ, ಅದರ ಪಕ್ಕ ಅದನ್ನೂ ಇಟ್ಟುಕೊಂಡರು. ಆಗಾಗ ಅವೆರಡನ್ನೂ ಮುಟ್ಟಿ ನೋಡುತ್ತಿದ್ದರು. ಒಂದನ್ನು ವಾಪಸ್ ಕೊಟ್ಟುಬಿಟ್ಟಿದ್ದರೆ ರಾಜ ಆರಾಮಾಗಿ ಮನೆ ಸೇರುತ್ತಿದ್ದ. ಗೌಡರು ಎಲ್ಲವನ್ನೂ ಕಾಯಲು ಹೋಗಿ ರಾಜನನ್ನೇ ಮರೆತರು.

"ಅವ್ರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಅಭ್ಯಾಸ ಇಲ್ಲ ಭಾವ," ಎಂದ ಬಾಮೈದ, ಗೌಡರಿಗೆ ಕೇಳುವಷ್ಟು ಮೆಲ್ಲಗೆ.

"ನಿನ್ ಆಟೋ ಮೀಟ್ರು ಹಾಕಿ ಅಭ್ಯಾಸ ಐತೇನ್ಲಾ?" ಎಂದರು ಗೌಡರು.

ಮೂರನೇ ಮೇಜಿನಲ್ಲಿ ಗಾಳಿ ಬದಲಾಯಿತು. ಅಲ್ಲಿದ್ದವನು ಹೆಬ್ಬಾಳದ ಯಾವುದೋ ಕಂಪನಿಯ ಹುಡುಗ, ಧಾರವಾಡದ ಕಡೆಯವನು. ಮೊದಲ ಸಲ ಸೋತ. ಹದಿನೈದು ದಿನ ಬಿಟ್ಟು ಮತ್ತೆ ಎದುರಾದಾಗ ಫೋನಿನಲ್ಲಿ ಎಲ್ಲ ನೋಡಿಕೊಂಡು ಬಂದಿದ್ದ.

"ಅಂಕಲ್, ಈ ಆಟಾ ಕಂಪ್ಯೂಟರಿಗೆ ತೋರಿಸಿದೆ ನೋಡ್ರಿ. ಭಾಳ ಕೆಟ್ಟದ್ದು ಅಂತು."

"ಕಂಪ್ಯೂಟರ್‌ಗೆ ಗಾಬರಿ ಆಗಲ್ಲ ಬಿಡಪ್ಪ."

"ಅದನ್ನ ಹೇಳಾಕತ್ತೀನ್ರಿ. ಹೊಸಬರು ಹೆದರ್ತಾರ, ಅದಕ್ಕ ನೀವು ಗೆಲ್ತೀರಿ. ಆಡ್ಕೋತ ಆಡ್ಕೋತ ಕಲ್ತವ್ರು ಹೆದರಂಗಿಲ್ಲ."

ಆ ದಿನ ಅವನು ಹೆದರಲಿಲ್ಲ. ರಾಜನನ್ನು ಎಳೆದುಕೊಂಡು ನಡುಬಯಲಿಗೇ ಬಂದ. ನಾನು ಸೋತು ಕೆಳಗಿಳಿದೆ, ಗೌಡರನ್ನು ಇನ್ನೊಮ್ಮೆ ಸೋಲಿಸಿ ಮತ್ತೆ ಹತ್ತಿದೆ. ಮುಂದಿನ ಸಲ ಹುಡುಗ ಬಾಯಿಪಾಠ ಮಾಡಿದ್ದಕ್ಕಿಂತ ಸ್ವಲ್ಪ ಬೇರೆ ಆಡಿದೆ. ಪಾಠದ ಸಾಲು ತಪ್ಪಿದ ಮಗುವಿನಂತೆ ಆಕಾಶ ನೋಡತೊಡಗಿದ. ಒಂದು ಸಲ ನಾನು, ಒಂದು ಸಲ ಅವನು. ಆ ಮೇಜಿನಲ್ಲಿ ನನ್ನ ಒಂಟೆಯ ಬೆಲೆ ಸರಿಸಮ.

ಹುಡುಗನನ್ನು ಮೊದಲ ಸಲ ಗೆದ್ದ ಮುಂದಿನ ಭಾನುವಾರವೇ ಹೊಂಗೆ ಮರದ ಕೆಳಗೆ ಬಂದು ಕೂತಿದ್ದೆ. ಎದುರಿಗೆ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಪಕ್ಕದಲ್ಲಿ ಸ್ಟೀಲಿನ ಫ್ಲಾಸ್ಕು, ಅದರ ಮುಚ್ಚಳದಲ್ಲೇ ಕಾಫಿ. ಒಂಟೆ ಕೊಟ್ಟೆ. ಕುದುರೆ ಕೊಟ್ಟೆ. ಮಂತ್ರಿಯನ್ನು ತಂದು ಚೆಕ್ ಕೊಟ್ಟೆ. ಮೇಡಂ ಕಾಫಿ ಕುಡಿದು, ರಾಜನ ಪಕ್ಕದ ಸಿಪಾಯಿಯನ್ನು ಒಂದು ಮನೆ ಮುಂದೆ ತಳ್ಳಿದರು.

ನನಗೆ ನಗು ತಡೆಯುವುದು ಕಷ್ಟವಾಯಿತು. ಇದು ನಮ್ಮ ಬಾಮೈದನ ನಡೆ. ಒಂದನೇ ಮೇಜಿನ ಗಾಬರಿ ನಡೆ. ಇಂಥವರನ್ನು ಇಲ್ಲಿ ಕೂರಿಸಿ ನಾಲ್ಕು ಜನ ಕೈ ಕಟ್ಟಿ ನಿಂತಿದ್ದಾರಲ್ಲ ಎನ್ನಿಸಿತು. ಕುದುರೆಯನ್ನು ಹೊಡೆದೆ. ಅವರು ಇನ್ನೊಂದು ಸಿಪಾಯಿಯಿಂದ ನನ್ನ ಮಂತ್ರಿಯನ್ನು ಗದರಿದರು. ನಾನು ಮೂಲೆಗೆ ಹೋಗಿ ಆನೆಯನ್ನು ತಿಂದೆ. ತಿಂದು ತಲೆಯೆತ್ತಿದರೆ ಅವರ ಮಂತ್ರಿ ನನ್ನ ರಾಜನ ಮನೆಬಾಗಿಲಿಗೆ ಬಂದಾಗಿತ್ತು, ಅದರ ಹಿಂದೆ ಕುದುರೆ, ಅದರ ಹಿಂದೆ ಒಂಟೆ. ನನ್ನ ಮಂತ್ರಿ ಮೂಲೆಯಲ್ಲಿ ಆನೆ ತಿಂದು ಹೊಟ್ಟೆ ಭಾರವಾಗಿ ಕೂತಿತ್ತು, ವಾಪಸ್ ಬರುವ ದಾರಿ ಇರಲಿಲ್ಲ. ಫ್ಲಾಸ್ಕಿನ ಕಾಫಿ ಖಾಲಿಯಾಗುವ ಮೊದಲೇ ನಾನು ಖಾಲಿಯಾದೆ.

ಬಾಮೈದನಿಗೆ ಆದಷ್ಟು ಸಂತೋಷ ಮೇಡಂಗೂ ಆಗಿರಲಾರದು.

"ನಾನೂ ಅದೇ ಸಿಪಾಯಿ ತಳ್ಳಿದ್ನಲ್ಲ ಭಾವ. ಅಂದ್ರೆ ನಾನೂ ನಾಲ್ಕನೇ ಟೇಬಲ್ ಆಟಗಾರ."

"ನೀನು ಆನೆ ಕಳ್ಕೊಂಡೆ. ಅವ್ರು ಆನೆ ಕೊಟ್ರು."

"ಹೋಗಿದ್ದಂತೂ ಎರಡೂ ಆನೆನೇ ತಾನೆ?"

ಮೇಡಂ ಕಾಯಿಗಳನ್ನು ಮತ್ತೆ ಜೋಡಿಸುತ್ತ ಕೇಳಿದರು, "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಒಂಟೆನ ಯಾತಕ್ಕೆ ಕೊಡ್ತೀರ?"

"ರಾಜನ ಕಾಲು ಮುರಿದು ನೆಗೆತ ಹೋಗಲಿ ಅಂತ ಮೇಡಂ."

"ಯಾವ ನೆಗೆತ?"

"ಕುದುರೆ ಥರ ನೆಗೀತಾನಲ್ಲ ರಾಜ, ಆಟಕ್ಕೆ ಒಂದ್ ಸಲ. ಅದಕ್ಕೆ ಮುಂಚೆನೇ ಚೆಕ್ ಬಿದ್ರೆ ಆಮೇಲೆ ನೆಗೆಯೋ ಹಾಗಿಲ್ವಲ್ಲ."

ಕಂಪನಿಯ ಹುಡುಗ ನಗಲು ಶುರು ಮಾಡಿದ. ಮೇಡಂ ನಗಲಿಲ್ಲ.

"ನಮ್ಮಜ್ಜಿ ಮನೇಲೂ ಹಾಗೇ ಆಡೋರು ಕಣ್ರೀ. ಅದು ಹಳೇ ಕಾಲದ ಮನೆ ಆಟ. ಇಲ್ಲಿ ಆಡೋ ಚೆಸ್‌ನಲ್ಲಿ ಆ ನೆಗೆತನೇ ಇಲ್ಲ. ಇಲ್ಲದೆ ಇರೋ ಕಾಲನ್ನ ಮುರಿಯೋಕೆ ಇಷ್ಟು ವರ್ಷ ಒಂಟೆ ಕೊಟ್ರಾ?"

ಪಾರ್ಕಿನಲ್ಲಿ ಯಾರ ರಾಜನೂ ನೆಗೆಯುವುದಿಲ್ಲ ಎಂಬುದನ್ನು ನಾನು ಗಮನಿಸಿರಲೇ ಇಲ್ಲ. ಹೇಗೆ ಗಮನಿಸುವುದು? ನಾಲ್ಕನೇ ನಡೆಗೇ ಚೆಕ್ ಕೊಟ್ಟು ನೆಗೆತ ಕಿತ್ತುಕೊಳ್ಳುವವನು ನಾನೇ. ಅವನು ನೆಗೆಯಲಿಲ್ಲವೆಂದರೆ ನನ್ನ ಒಂಟೆ ಕೆಲಸ ಮಾಡಿತು ಎಂದುಕೊಳ್ಳುತ್ತಿದ್ದೆ. ನನ್ನ ರಾಜನನ್ನು ನಾನೂ ನೆಗೆಸಿದವನಲ್ಲ. ನಮ್ಮ ಮನೆಯಲ್ಲಿ ಆ ನೆಗೆತವನ್ನು ಕಷ್ಟಕಾಲಕ್ಕೆಂದು ಎತ್ತಿಡುವ ರೂಢಿ, ಕಷ್ಟ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತಿತ್ತು. ಅಪ್ಪನ ಆಟದಲ್ಲಿ ಒಂಟೆ ಕೊಡುವುದಕ್ಕೆ ಸರಿಯಾದ ಕಾರಣವಿತ್ತು. ನಾನು ಕಾರಣವನ್ನು ಜಗಲಿಯಲ್ಲೇ ಬಿಟ್ಟು ಒಂಟೆಯನ್ನು ಮಾತ್ರ ಆರ್‌.ಟಿ. ನಗರಕ್ಕೆ ಹೊಡೆದುಕೊಂಡು ಬಂದಿದ್ದೆ.

"ಬೇರೆ ಓಪನಿಂಗ್ ಹೇಳಿಕೊಡ್ಲೇನ್ರಿ ಅಂಕಲ್?" ಎಂದ ಹುಡುಗ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಬೇಡ ಎಂದೆ. ನನಗೆ ಗೆಲ್ಲಬೇಕಿತ್ತು, ಆದರೆ ಅಪ್ಪನ ಒಂಟೆಯನ್ನು ಮನೆಯಲ್ಲಿ ಕಟ್ಟಿಹಾಕಿ ಬಂದು ಗೆದ್ದರೆ ಆ ಜಾಗದಲ್ಲಿ ಕೂತವನು ಯಾರು?

ಮುಂದಿನ ವಾರಗಳು ಹತ್ತುವುದು, ಇಳಿಯುವುದು. ಮೂರನೆಯದರಲ್ಲಿ ಗೆದ್ದರೆ ನಾಲ್ಕನೆಯದಕ್ಕೆ, ಅಲ್ಲಿ ಮೇಡಂ ಅದೇ ಸಿಪಾಯಿ ತಳ್ಳುವುದು, ನಾನು ಅದೇ ಆನೆ ತಿನ್ನುವುದು, ಸೋತು ಮೂರಕ್ಕೆ ಇಳಿಯುವುದು. ಆನೆ ಬಿಟ್ಟಿ ಸಿಗುವಾಗ ಕೈ ತಡೆಯುವುದಿಲ್ಲ ನೋಡಿ.

ಉತ್ತರ ಸಿಕ್ಕಿದ್ದು ಶೆಡ್ಡಿನಲ್ಲಿ. ಒಬ್ಬರು ಗೇಟು ಮಾಡಿಸಲು ಬಂದರು. ಹಳೇ ಮನೆ ಕೆಡವಿದ ಕಬ್ಬಿಣ ರಾಶಿ ಇದೆಯಂತೆ. "ಅದನ್ನ ಬಿಟ್ಟಿ ಕೊಡ್ತೀನಿ, ನೀವು ನಿಮ್ ಕಬ್ಬಿಣ ಹಾಕೋದೇ ಬೇಡ," ಎಂದರು. ನಾನು ಯೋಚಿಸದೇ ಹೇಳಿದೆ, "ಬೇಡ ಸರ್. ಬಿಟ್ಟಿ ಕಬ್ಬಿಣ ಮುಟ್ಟಲ್ಲ. ಹೊರಗೆ ಚೆನ್ನಾಗಿರುತ್ತೆ, ಒಳಗೆ ತುಕ್ಕು. ಗೇಟು ಬಗ್ಗಿದ್ರೆ ಹೆಸರು ನಂದು ಹೋಗೋದು." ಅವರು ಹೋದ ಮೇಲೂ ನಾನು ಗ್ಲೌಸ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಶೆಡ್ಡಿನಲ್ಲಿ ಇಷ್ಟು ಬಿಗಿಯಾಗಿ ಹೇಳುವವನು ಹೊಂಗೆ ಮರದ ಕೆಳಗೆ ಆನೆಗೆ ಯಾಕೆ ಬಾಯಿ ಬಿಡುತ್ತೇನೆ?

ಈ ಸಲ ಮೂರರಲ್ಲಿ ಬೇರೊಬ್ಬನನ್ನು ಗೆದ್ದು ನಾಲ್ಕನೇ ಮೇಜಿಗೆ ಬಂದಾಗ ಒಂಟೆ ಕೊಟ್ಟೆ, ಕುದುರೆ ಕೊಟ್ಟೆ, ಚೆಕ್ ಕೊಟ್ಟೆ. ಮೇಡಂ ಸಿಪಾಯಿ ತಳ್ಳಿದರು. ನಡುವಿನ ಕುದುರೆಯನ್ನು ಹೊಡೆದೆ. ಇನ್ನೊಂದು ಸಿಪಾಯಿಯಿಂದ ಗದರಿದರು. ಮೂಲೆಯಲ್ಲಿ ಆನೆ ಕಾವಲಿಲ್ಲದೆ ನಿಂತಿತ್ತು. ನನ್ನ ಮಂತ್ರಿಯನ್ನು ಎತ್ತಿ, ಆನೆಯ ಕಡೆ ನೋಡದೆ, ನನ್ನ ರಾಜನ ಹತ್ತಿರಕ್ಕೆ ವಾಪಸ್ ತಂದು ಇಟ್ಟೆ.

ಮೇಡಂ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಅರ್ಧದಲ್ಲೇ ನಿಂತಿತು.

"ಆನೆ ಬೇಡ್ವಾ?"

"ಬಿಟ್ಟಿ ಮುಟ್ಟಲ್ಲ ಮೇಡಂ."

ಹಿಂದೆ ನಿಂತಿದ್ದ ಬಾಮೈದ, "ಮೇಡಂ, ಅವ್ರಿಗೆ ಬೇಡ್ದಿದ್ರೆ ನಂಗಾದ್ರೂ ಕೊಡಿ," ಎಂದ. ಗೌಡರು ಅವನ ತಲೆಗೆ ಪೇಪರಿನಿಂದ ಹೊಡೆದರು.

ಆಮೇಲಿನದು ಕೂಲಿ ಕೆಲಸ. ನನಗೆ ಒಂದು ಒಂಟೆ ಕಡಿಮೆ, ಎರಡು ಸಿಪಾಯಿ ಜಾಸ್ತಿ. ಸಿಪಾಯಿಗಳನ್ನು ಗ್ರಿಲ್ಲಿನ ಸರಳಿನಂತೆ ಒಂದಕ್ಕೊಂದು ಬೆಸೆದು ನಿಲ್ಲಿಸಿದೆ. ಮೇಡಂ ಒಂದೊಂದು ನಡೆಗೂ ಬಹಳ ಹೊತ್ತು ತೆಗೆದುಕೊಂಡರು. ಕಾಫಿ ಆರಿತು. ಮೂರನೇ ಮೇಜಿನಲ್ಲಿ ಗೆದ್ದು ಬಂದಿದ್ದ ಹುಡುಗ ಪಕ್ಕದಲ್ಲಿ ನಿಂತು ಸೀಟಿಗೆ ಮುಂಚೆ ನಾನು ಸೋಲಲಿ ಎಂದು ಕಾಯುತ್ತಿದ್ದ, ಸೋತರೆ ಮುಂದಿನ ವಾರ ನನ್ನ ಜಾಗ ಅವನದು. ಮೇಡಂಗೆ ಗೆಲುವು ಇತ್ತೋ ಏನೋ, ಹುಡುಗ ಈಗಲೂ ಇತ್ತು ಎನ್ನುತ್ತಾನೆ. ಅವರು ಒಂಟೆಯ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದಾಗ ಕಾವಲುಗಾರ ಸೀಟಿ ಊದಿದ.

"ಸಮ," ಎಂದರು ಮೇಡಂ. ಬೆರಳು ತೆಗೆದರು. "ಮುಂದಿನ ವಾರ ಬೇಗ ಬನ್ನಿ. ಕಾಫಿಗೆ ಇನ್ನೊಂದು ಲೋಟ ತರ್ತೀನಿ."

ಹುಡುಗ ಮೂರನೇ ಮೇಜಿನಲ್ಲೇ ಉಳಿದ. ಧಾರವಾಡದ ಭಾಷೆಯಲ್ಲಿ ಏನೋ ಗೊಣಗಿದ, ನನಗೆ ಅರ್ಥವಾಗಲಿಲ್ಲ ಎಂದು ನಟಿಸಿದೆ.

ಆದ್ದರಿಂದ ಕೇಳಿದವರಿಗೆ ಹೇಳುತ್ತೇನೆ, ಅಪ್ಪನ ಆಟ ಒಂದನೇ ಮೇಜಿನಲ್ಲಿ ಗೆಲ್ಲುತ್ತದೆ, ಎರಡರಲ್ಲೂ ಗೆಲ್ಲುತ್ತದೆ, ಮೂರರಲ್ಲಿ ಆ ದಿನದ ಅದೃಷ್ಟ, ನಾಲ್ಕರಲ್ಲಿ ಗೆಲ್ಲುವುದಿಲ್ಲ. ಆದರೆ ಬಿಟ್ಟಿ ಆನೆ ಮುಟ್ಟದಿದ್ದರೆ ನಾಲ್ಕರಲ್ಲಿ ಕೂರಿಸುತ್ತದೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಿಷನ್, ಒಂದು ಸ್ಕೂಟರ್, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಬಾಮೈದ, ಒಂದೇ ಒಂದು ಓಪನಿಂಗ್, ಮತ್ತು ಬರುವ ಭಾನುವಾರಕ್ಕೆ ಹೊಂಗೆ ಮರದ ಕೆಳಗೆ ಒಂದು ಜಾಗ.