ಮೊದಲ ಸಾಲಿನ ಹೆಸರು

ಪುಣೆಯ ದಕ್ಷಿಣ ಭಾಗದ ಮನೆಮನೆಗೆ ತಂತಿ ಎಳೆದು ಅಂತರ್ಜಾಲವನ್ನು ಮುಟ್ಟಿಸಿದವರ ಹೆಸರು ಬರೆಯಲು ಕುಳಿತರೆ, ಮೊದಲ ಐದಾರು ಹೆಸರುಗಳಲ್ಲಿ ಶ್ರೀ ಧರ್ಮಣ್ಣ ಹಳ್ಳೂರ ಅವರದು ಇರಲೇಬೇಕು. ಇಪ್ಪತ್ತಾರು ವರ್ಷ ಒಂದೇ ಕಂಪನಿಯಲ್ಲಿ ದುಡಿದು, ಕಂಬ ಹತ್ತುವ ಕೆಲಸದಿಂದ ಜಾಲ ವಿಭಾಗದ ಮುಖ್ಯಸ್ಥರ ಕುರ್ಚಿಯವರೆಗೆ ಬಂದು, ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೊಂದು ಅಭಿನಂದನ ಗ್ರಂಥ ಅರ್ಪಿಸಬೇಕೆಂದು ಇಲ್ಲಿಯ ಕನ್ನಡಿಗರು ನಿಶ್ಚಯಿಸಿದಾಗ ಅವರು ಎರಡು ಸಲ ಒಲ್ಲೆ ಎಂದರು. ಮೂರನೆಯ ಸಲ ಹೋದಾಗ ಷರತ್ತು ಹಾಕಿದರು.

"ನಂದೊಂದು ತಪ್ಪು ಅದರಿ. ಅದನ್ನ ಬರೀರಿ. ಅದಿಲ್ಲದ ಪುಸ್ತಕ ನನಗ ಬ್ಯಾಡ."

ಅಭಿನಂದನ ಗ್ರಂಥದಲ್ಲಿ ತಪ್ಪು ಬರೆಯುವ ಪದ್ಧತಿ ಎಲ್ಲಾದರೂ ಉಂಟೇ! ಸಮಿತಿಯ ಹಿರಿಯರು ತಲೆ ಕೆರೆದುಕೊಂಡು, ಅವರ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಕಲಿತ ಶಿವಾನಿಗೆ ಆ ಜವಾಬ್ದಾರಿ ಹೊರಿಸಿ ಕೈತೊಳೆದುಕೊಂಡರು. ಈ ಸಾಲುಗಳು ಅವಳವು.

ಇಂಡಿ ತಾಲೂಕಿನಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ಡಿಪ್ಲೊಮಾ ಮುಗಿಸಿ, ದೌಂಡದಲ್ಲಿ ನಾಲ್ಕು ವರ್ಷ ಟೆಲಿಫೋನ್ ತಂತಿಯ ಗುತ್ತಿಗೆ ಕೆಲಸ ಮಾಡಿ, ಧರ್ಮಣ್ಣನವರು ಪುಣೆಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಮರಾಠಿಯನ್ನು ಮರಾಠಿಯವರೇ ತಲೆದೂಗುವಷ್ಟು ಚೆನ್ನಾಗಿ ಕಲಿತರು. ಆದರೆ ಒಂದು ಹಟ ಬಿಡಲಿಲ್ಲ: ಕಾಗದ ಮರಾಠಿಯದಿರಲಿ, ಇಂಗ್ಲಿಷಿನದಿರಲಿ, ಕೆಳಗೆ ಸಹಿ ಮಾತ್ರ ದುಂಡು ದುಂಡಾದ ಕನ್ನಡದಲ್ಲಿ. ಬ್ಯಾಂಕಿನವರು ಗೊಣಗಿದರು, ಮಾಲೀಕರು ನಕ್ಕರು, ಇವರು ಜಗ್ಗಲಿಲ್ಲ. "ಓದಾಕ ಬರದಿದ್ರ ಬಿಡ್ರಿ, ನಂದು ಅಂತ ಗೊತ್ತಾದ್ರ ಸಾಕು" ಎನ್ನುತ್ತಿದ್ದರು.

ಪುಣೆಯ ದಕ್ಷಿಣಕ್ಕಿರುವ ಧನಕವಡಿಯಲ್ಲಿ ಕಂಪನಿ ತಂತಿ ಎಳೆದ ಹೊಸದರಲ್ಲಿ ಯಾರೂ ಸಂಪರ್ಕ ಪಡೆಯಲು ಮುಂದೆ ಬರಲಿಲ್ಲ. ಆಗ ಧೈರ್ಯ ಮಾಡಿದವರು ಚೌಕದ ಉಡುಪಿ ಹೋಟೆಲಿನ ಮಾಲೀಕರು. ಅವರನ್ನು ಸದ್ಯಕ್ಕೆ ಹೋಟೆಲಿನ ಅಣ್ಣ ಎಂದೇ ಕರೆಯೋಣ. ಕಾರಣ ಮುಂದೆ ಬರುತ್ತದೆ. "ಹಾಕಿ ಸಾರ್, ನೀವು ಹೇಳಿದ ಮೇಲೆ ಎಂತ ಕೇಳ್ಲಿಕ್ಕುಂಟು" ಎಂದು, ಹೋಟೆಲಿನ ಹಿಂದಿದ್ದ ತಮ್ಮ ಮನೆಗೆ ಅವರು ಸಂಪರ್ಕ ಹಾಕಿಸಿಕೊಂಡರು. ಆ ಭಾಗದ ಮೊದಲ ಗ್ರಾಹಕರೆಂದು ಅವರ ಹೆಸರು ದಾಖಲಾಯಿತು. ಅಂದಿನಿಂದ ಹದಿನೆಂಟು ವರ್ಷ ಧರ್ಮಣ್ಣನವರ ಬೆಳಗಿನ ತಿಂಡಿ ಅಲ್ಲಿಯೇ. ಉತ್ತರ ಕರ್ನಾಟಕದ ನಾಲಿಗೆಗೆ ಕರಾವಳಿಯ ಚಟ್ನಿ ಸಪ್ಪೆಯಾದೀತೆಂದು, ಅಣ್ಣನವರು ಮನೆಯಲ್ಲಿ ಹೆಂಡತಿಯಿಂದ ಶೇಂಗಾ ಚಟ್ನಿ ಮಾಡಿಸಿ, ಒಂದು ಪುಟ್ಟ ಡಬ್ಬಿಯಲ್ಲಿ ಇವರಿಗಾಗಿಯೇ ಎತ್ತಿಡುತ್ತಿದ್ದರು.

ಇನ್ನು ಅವರ ಕೆಲಸದ ವಿಷಯ. ಅಂತರ್ಜಾಲದಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಬೇಕು. ಅದು ಅಂಕಿಗಳ ಒಂದು ಸಾಲು, ಅಷ್ಟೇ. ಜನ ಹೆಚ್ಚಿ ವಿಳಾಸಗಳು ಸಾಲದಾದಾಗ, ಇತರರಂತೆ ಈ ಕಂಪನಿಯೂ ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚತೊಡಗಿತು. ಅದೂ ಕಾಯಂ ಅಲ್ಲ. ಮನೆಯ ವೈಫೈ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದರೆ ಬೇರೊಂದು ವಿಳಾಸ ಬಂದರೂ ಬಂತು. ಹೊರಗಿನಿಂದ ನೋಡುವ ಜಾಲತಾಣಕ್ಕೆ ಆ ನೂರಾರು ಮನೆಗಳೂ ಒಂದೇ ಮನೆ. ಧರ್ಮಣ್ಣನವರ ಪತ್ನಿ ಬೋರಮ್ಮನವರು ಒಮ್ಮೆ ಮೊಣಕಾಲಿನ ಎಣ್ಣೆ ಹುಡುಕಿದ್ದೇ ತಡ, ಇಡೀ ಕಟ್ಟಡದವರ ಫೋನಿನಲ್ಲಿ ಮೊಣಕಾಲಿನ ಪಟ್ಟಿಯ ಜಾಹೀರಾತು ಕುಣಿಯತೊಡಗಿತು. "ಅಯ್ಯ, ನನ್ನ ಮೊಣಕಾಲು ಊರ ಮಂದಿಗೆಲ್ಲಾ ಗೊತ್ತಾತಲ್ಲರಿ!" ಎಂದು ಆ ತಾಯಿ ಹಣೆ ಬಡಿದುಕೊಂಡರು. ಶಿವಾನಿ ಕೆಲಸಕ್ಕೆ ಸೇರಿದ ದಿನ ಧರ್ಮಣ್ಣನವರು ಇದನ್ನೇ ಹೇಳಿ ನಗಿಸಿ, ಆಮೇಲೆ ಪಾಠ ಹೇಳಿದರು.

"ಒಂದ ಕಂಬಳಿಯೊಳಗ ಇನ್ನೂರು ಮಂದಿ ಮಲಗಿದಂಗ ಇದು. ಹೊರಗ ನಿಂತಾಂವಗ ಯಾರ ಕಾಲು ಯಾವುದು ತಿಳಿಯೂದಿಲ್ಲ. ಅದು ಛಲೋನೂ ಹೌದು. ಆದ್ರ ಯಾವನರೆ ಒಂದು ಕಾಲು ಹಿಡದು ಎಳದಾ ಅಂದ್ರ, ಯಾರೋ ಒಬ್ಬರು ಹೊರಗ ಬಂದ ಬರತಾರ."

ಆ ಕಂಬಳಿಯನ್ನೇ ನಂಬಿ ಕೂಡಬಾರದು, ಜಾಹೀರಾತಿನವರು ವಿಳಾಸ ಬಿಟ್ಟು ನೇರವಾಗಿ ನಿಮ್ಮ ಫೋನಿಗೇ ಗುರುತು ಹಚ್ಚುತ್ತಾರೆ ಎಂದೂ ಎಚ್ಚರಿಸುತ್ತಿದ್ದರು. ಜನರ ಗುಟ್ಟು ಕಾಯುವುದು ಅವರಿಗೆ ನೇಮವಾಗಿತ್ತು. ಒಬ್ಬ ದೊಡ್ಡ ಮನುಷ್ಯ ತನ್ನ ಹೆಂಡತಿ ಏನೇನು ನೋಡುತ್ತಾಳೆಂಬ ಪಟ್ಟಿ ಬೇಕೆಂದು ಮಿಠಾಯಿ ಡಬ್ಬಿಯ ಸಮೇತ ಬಂದಾಗ, ಡಬ್ಬಿಯನ್ನು ಅವನ ಕೈಗೇ ಕೊಟ್ಟು ಬಾಗಿಲು ತೋರಿಸಿದರು. ಮಾಲೀಕರು ರೇಗಿದರೂ ಅವರು ಹಿಂಜರಿಯಲಿಲ್ಲ. ಅವರ ಪ್ರಾಮಾಣಿಕತೆಯ ಬಗ್ಗೆ ಈ ಗ್ರಂಥದಲ್ಲಿ ಹತ್ತು ಲೇಖನಗಳಿವೆ, ಒಂದರಲ್ಲೂ ಉತ್ಪ್ರೇಕ್ಷೆಯಿಲ್ಲ. ದುಃಖವೆಂದರೆ, ತಪ್ಪು ನಡೆದದ್ದೂ ಆ ಪ್ರಾಮಾಣಿಕತೆಯಿಂದಲೇ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್. ಕಾಲೇಜು ಹುಡುಗಿಯೊಬ್ಬಳ ಮುಖವನ್ನು ಅಸಹ್ಯ ಚಿತ್ರಕ್ಕೆ ಅಂಟಿಸಿ ಯಾರೋ ಜಾಲತಾಣದಲ್ಲಿ ಹಾಕಿದ್ದರು. ಇಂಥ ಐಪಿ ವಿಳಾಸ, ಇಂಥ ಹೊತ್ತು, ಬಳಸಿದವರು ಯಾರು ಎಂದು ಪೊಲೀಸರ ಪತ್ರ ಬಂತು. ಹಂಚಿದ ವಿಳಾಸದಲ್ಲಿ ಒಂದು ಮನೆಯನ್ನು ಗುರುತಿಸಬೇಕಾದರೆ ಪೋರ್ಟ್ ಸಂಖ್ಯೆ ಎಂಬ ಇನ್ನೊಂದು ಅಂಕಿ ಬೇಕೇಬೇಕು. ಪತ್ರದಲ್ಲಿ ಅದಿರಲಿಲ್ಲ, ಕಂಪನಿ ಅದನ್ನು ಉಳಿಸಿಡುತ್ತಲೂ ಇರಲಿಲ್ಲ. ವಿಳಾಸ ಹಂಚಿಕೆಯಾಗುವ ಮೊದಲು, ಇಂಥ ಪತ್ರ ಬಂದರೆ ಗಣಕ ಒಂದೇ ಹೆಸರು ತೋರಿಸುತ್ತಿತ್ತು. ಹಳೆಯ ರೂಢಿಯಂತೆ ಧರ್ಮಣ್ಣನವರು ವಿಳಾಸ ಹಾಕಿ ಒತ್ತಿದರು. ಒಂದು ಹೆಸರು ಬಂತು. ಅದು ಹೋಟೆಲಿನ ಅಣ್ಣನವರ ಹೆಸರು.

ಅವರಿಗೆ ಇನ್ನೊಮ್ಮೆ ನೋಡಬೇಕೆನಿಸಿತಂತೆ. ಆದರೆ ಬೇರೆಯವರ ಹೆಸರಾಗಿದ್ದರೆ ಹೀಗೆ ಎರಡೆರಡು ಸಲ ನೋಡುತ್ತಿದ್ದೆನೇ, ಗೆಳೆಯನೆಂದು ತಾನೇ ಕೈ ತಡೆಯುತ್ತಿದೆ, ಆ ಹುಡುಗಿಯೂ ಯಾರದೋ ಮಗಳಲ್ಲವೇ ಎಂದು ತಮ್ಮನ್ನೇ ಗದರಿಕೊಂಡು, ಉತ್ತರದ ಕಾಗದಕ್ಕೆ ಅಲ್ಲಿಯೇ ಸಹಿ ಹಾಕಿದರು. ಅಯ್ಯೋ ಗುರುಗಳೇ, ಜಗತ್ತಿನ ಯಾವ ಅಪರಿಚಿತನಿಗೂ ತೋರಿಸುವಷ್ಟು ತಾಳ್ಮೆಯನ್ನು ಅಂದು ಆ ಗೆಳೆಯನಿಗೆ ನೀವು ತೋರಿಸಲಿಲ್ಲವಲ್ಲ!

ಸೋಮವಾರ ಸಂಜೆ, ಗಿರಾಕಿಗಳ ಎದುರೇ, ಪೊಲೀಸರು ಅಣ್ಣನವರನ್ನು ಜೀಪು ಹತ್ತಿಸಿದರು. ಬುಧವಾರ ಇಂಥದೇ ಇನ್ನೊಂದು ವಿಚಾರಣೆಗೆ ಉತ್ತರ ಹುಡುಕುವಾಗ, ತೆರೆಯ ಮೂಲೆಯಲ್ಲಿದ್ದ ಸಣ್ಣ ಅಕ್ಷರ ಧರ್ಮಣ್ಣನವರ ಕಣ್ಣಿಗೆ ಬಿತ್ತು: ಮೊದಲ ಪುಟ, ಒಟ್ಟು ಪುಟ ಇಷ್ಟು. ಆ ಹುಡುಗಿಯ ವಿಷಯದ ಪತ್ರವನ್ನು ತೆಗೆದು ಮತ್ತೆ ಒತ್ತಿದರು. ಆ ಹೊತ್ತಿನಲ್ಲಿ ಆ ವಿಳಾಸದ ಮೇಲೆ ಇನ್ನೂರ ಹನ್ನೆರಡು ಮನೆಗಳಿದ್ದವು. ಗಣಕ ಅವನ್ನು ಗ್ರಾಹಕ ಸಂಖ್ಯೆಯ ಅನುಕ್ರಮದಲ್ಲಿ, ಪುಟಕ್ಕೆ ಒಂದೇ ಸಾಲಿನಂತೆ ತೋರಿಸುತ್ತಿತ್ತು. ಎಲ್ಲರಿಗಿಂತ ಮೊದಲು ನಂಬಿ ಸಂಪರ್ಕ ಪಡೆದವರಾದ್ದರಿಂದ ಅಣ್ಣನವರ ಹೆಸರು ಮೊದಲ ಸಾಲಿನಲ್ಲಿತ್ತು. ಅದರಾಚೆಗೆ ಅವರ ಮೇಲೆ ಯಾವ ಪುರಾವೆಯೂ ಇರಲಿಲ್ಲ.

ಕೂಡಲೇ, ತಾವು ಕೊಟ್ಟ ಹೆಸರು ನಿಲ್ಲುವುದಿಲ್ಲವೆಂದು ಎರಡನೆಯ ಪತ್ರ ಬರೆದು, ತಾವೇ ಠಾಣೆಗೆ ಓಡಿ ಕೊಟ್ಟು ಬಂದರು. ಗುರುವಾರ ಅಣ್ಣನವರನ್ನು ಬಿಟ್ಟರು. ಆದರೆ ಜೀಪು ಹತ್ತುವ ಫೋಟೋ ಪ್ರತಿ ವಸತಿ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೂ ಹೋಗಿತ್ತು, ಪೂರ್ತಿ ಹೆಸರಿನ ಸಮೇತ. ಎರಡನೆಯ ಪತ್ರ ಯಾವ ಗುಂಪಿಗೂ ಹೋಗಲಿಲ್ಲ. ನಿಜವಾದ ಪಾಪಿ ಆ ಇನ್ನೂರ ಹನ್ನೆರಡರ ಕಂಬಳಿಯೊಳಗೇ ಉಳಿದುಕೊಂಡ, ಇಂದಿಗೂ ಸಿಕ್ಕಿಲ್ಲ. ಅವನು ಸಿಕ್ಕಿದ್ದರೆ ಅಣ್ಣನವರ ಹೆಸರಾದರೂ ತೊಳೆದುಹೋಗುತ್ತಿತ್ತು. ಸಾಕ್ಷಿಯಿಲ್ಲದೆ ಬಿಟ್ಟರಂತೆ ಎಂದು ಜನ ಕಣ್ಣು ಮಿಟುಕಿಸಿದರು. ಕಾಲೇಜಿನ ಹೆಣ್ಣುಮಕ್ಕಳು ಹೋಟೆಲಿಗೆ ಬರುವುದನ್ನು ಬಿಟ್ಟರು, ಆಮೇಲೆ ಸಂಸಾರಸ್ಥರು ಬಿಟ್ಟರು. ಕರೋನಾ ಬಂದು ಆ ಹೋಟೆಲು ಮುಚ್ಚಿತೆಂದು ಈಗ ಹೇಳುವವರಿದ್ದಾರೆ. ಶುದ್ಧ ಸುಳ್ಳು. ಕರೋನಾ ಬಂದದ್ದು ಮಾರ್ಚಿನಲ್ಲಿ, ಹೋಟೆಲಿನ ಬಾಗಿಲು ಬಿದ್ದದ್ದು ಜನವರಿಯಲ್ಲಿ.

ಬಿಡುಗಡೆಯಾದ ವಾರಕ್ಕೆ ಅಣ್ಣನವರು ಕಚೇರಿಗೆ ಬಂದು ಧರ್ಮಣ್ಣನವರ ಎದುರು ಕುಳಿತಿದ್ದರು.

"ಸಾರ್, ಆ ಕಾಗದ ಯಾರು ಬರ್ದದ್ದು ಅಂತ ನಿಮಗೆ ಗೊತ್ತುಂಟಾ? ಜಗಳಕ್ಕಲ್ಲ ಮಾರಾಯ್ರೆ. ಸುಮ್ಮನೆ ಕೇಳಿದ್ದು."

"ನೋಡಿ ಹೇಳ್ತೀನ್ರಿ" ಎಂದರು ಧರ್ಮಣ್ಣನವರು.

ಅಷ್ಟೇ ಅಂದರು. ಅಣ್ಣನವರು ಸ್ವಲ್ಪ ಹೊತ್ತು ಕುಳಿತಿದ್ದು, ಎದ್ದು ಹೋದರು. ಮರುದಿನದಿಂದ ಧರ್ಮಣ್ಣನವರು ತಿಂಡಿಗೆ ಆ ಕಡೆ ಕಾಲಿಡಲಿಲ್ಲ.

ಅಲ್ಲಿಂದಾಚೆಗೆ ಅವರು ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮಾಲೀಕರೊಂದಿಗೆ ಗುದ್ದಾಡಿ ಪೋರ್ಟ್ ಸಂಖ್ಯೆಗಳನ್ನು ಉಳಿಸಿಡುವ ವ್ಯವಸ್ಥೆ ಮಾಡಿಸಿದರು. ಪೋರ್ಟ್ ಸಂಖ್ಯೆಯೂ ಸೆಕೆಂಡಿನವರೆಗಿನ ಸಮಯವೂ ಇಲ್ಲದ ಯಾವ ಪತ್ರಕ್ಕೂ ಹೆಸರು ಕೊಡಬಾರದೆಂದು ನಿಯಮ ಮಾಡಿದರು. ಐದು ವರ್ಷಗಳಲ್ಲಿ ನಲವತ್ತೊಂದು ಪತ್ರಗಳಿಗೆ, ಈ ವಿವರದಿಂದ ಯಾರನ್ನೂ ಗುರುತಿಸಲಾಗದು ಎಂದು ಉತ್ತರ ಬರೆದು, ಬೈಸಿಕೊಂಡರು. ಆ ನಲವತ್ತೊಂದು ಪತ್ರಗಳ ಹಿಂದೆ ಎಷ್ಟು ಮನೆಗಳ ಬಾಗಿಲಿಗೆ ಜೀಪು ಬರುವುದು ತಪ್ಪಿತೋ, ಆ ಮನೆಯವರಿಗೇ ಗೊತ್ತಿಲ್ಲ.

ಅಣ್ಣನವರು ಲೋಣಾವಳಾಕ್ಕೆ ಹೋಗಿ, ಐವತ್ತೆಂಟರ ವಯಸ್ಸಿನಲ್ಲಿ ಇನ್ನೊಬ್ಬರ ಹೋಟೆಲಿನಲ್ಲಿ ಮ್ಯಾನೇಜರಾದರು. ಧರ್ಮಣ್ಣನವರು ಎರಡು ಸಲ ಲೋಕಲ್ ರೈಲು ಹತ್ತಿ ಅಲ್ಲಿಗೆ ಹೋದರು. ಎರಡು ಸಲವೂ ಅಣ್ಣನವರು ತಾವೇ ಚಹಾ ತಂದಿಟ್ಟು, "ಮತ್ತೆ ಎಂತ ವಿಶೇಷ ಸಾರ್?" ಎಂದು ಎದುರು ಕುಳಿತರು. ಎರಡು ಸಲವೂ ಇವರು ಮಳೆಯ ಮಾತಾಡಿ ಎದ್ದು ಬಂದರು. ಮೂರನೆಯ ಸಲ, ಇಂದು ಹೇಳಿಯೇ ಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಹೋದಾಗ, ಗಲ್ಲಾಪೆಟ್ಟಿಗೆಯ ಮುಂದೆ ಬೇರೆ ಯಾರೋ ಕುಳಿತಿದ್ದರು. ಅಣ್ಣನವರು ತೀರಿಕೊಂಡು ಹನ್ನೊಂದು ದಿನವಾಗಿತ್ತು.

ಈ ಲೇಖನದಲ್ಲಿ ಅಣ್ಣನವರ ಹೆಸರು ಹಾಕಬೇಕೋ ಬೇಡವೋ ಎಂದು ಕೇಳಲು ಹೋದ ತಿಂಗಳು ಧರ್ಮಣ್ಣನವರೂ ಶಿವಾನಿಯೂ ಲೋಣಾವಳಾಕ್ಕೆ ಹೋದರು. ಜನರ ಹೆಸರನ್ನು ಮುಚ್ಚಿ ಕಾಯುವುದೇ ಮರ್ಯಾದೆ ಎಂಬುದು ಅವರ ಇಡೀ ಜೀವಮಾನದ ಪಾಠ. ಅಣ್ಣನವರ ಪತ್ನಿ ಹರಿಣಾಕ್ಷಿಯವರು ಬಾಗಿಲು ತೆರೆದರು. ಧರ್ಮಣ್ಣನವರು ಕೂಡಲೂ ಇಲ್ಲ, ನಿಂತಲ್ಲೇ ಕೈಮುಗಿದರು.

"ಅಕ್ಕಾರ, ಆ ಕಾಗದಕ್ಕ ಸಹಿ ಹಾಕಿದಾಂವ ನಾನ್ರಿ."

"ಗೊತ್ತುಂಟು" ಎಂದರು ಅವರು. "ಸ್ಟೇಷನ್ನಲ್ಲಿ ಇವರಿಗೆ ಅದನ್ನು ತೋರ್ಸಿದ್ರಂತೆ. ಮರಾಠಿ ಓದ್ಲಿಕ್ಕೆ ಇವರಿಗೆ ಅಷ್ಟು ಬರ್ತಿರ್ಲಿಲ್ಲ. ಕೆಳಗೆ ಸಹಿ ಮಾತ್ರ ಕನ್ನಡದಲ್ಲಿ ಇತ್ತಲ್ಲ."

ಧರ್ಮಣ್ಣನವರು ಕೇಳಿದರು: "ಮತ್ತ ನನ್ನ ಯಾಕ ಕೇಳಿದರ್ರಿ, ಯಾರು ಬರದಾರಂತ?"

"ನೀವೇ ಹೇಳ್ತೀರಿ ಅಂತ. ನೀವು ಹೇಳಿದ ಕೂಡ್ಲೆ, ಹೋಗ್ಲಿ ಬಿಡಿ ಸಾರ್ ಅಂತ ಹೇಳ್ಬೇಕು ಅಂತ ಇದ್ರು. ಪ್ರತಿ ಸಲ ನೀವು ಬಂದು ಹೋದ ಮೇಲೆ ಮನೆಗೆ ಬಂದು, ಇವತ್ತೂ ಹೇಳ್ಲಿಲ್ಲ ಮಾರಾಯ್ತಿ ಅಂತಿದ್ರು."

ಅರವತ್ತರ ಆ ಹಿರಿಯರು ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತದ್ದನ್ನು ಶಿವಾನಿ ನೋಡಬೇಕಾಯಿತು. ಅದನ್ನು ಇಲ್ಲಿ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಹರಿಣಾಕ್ಷಿಯವರು ಒಳಗಿನಿಂದ ನೀರು ತಂದುಕೊಟ್ಟು, ಹೆಸರಿನ ವಿಷಯಕ್ಕೆ ತಾವೇ ಬಂದರು. "ಹೆಸರು ಹಾಕಿ. ಪೂರ್ತಿ ಹಾಕಿ. ಆವಾಗ ಎಲ್ಲರೂ ಪೂರ್ತಿ ಹೆಸರೇ ಹಾಕಿದ್ದಲ್ವಾ?"

ಗುರುಗಳು ನೂರು ವರ್ಷ ಬಾಳಲಿ. ಬೋರಮ್ಮನವರ ಮೊಣಕಾಲು ನೆಟ್ಟಗಾಗಲಿ. ನಿವೃತ್ತಿಯ ಮರುದಿನದಿಂದಲೇ ಸಣ್ಣಪುಟ್ಟ ಅಂತರ್ಜಾಲ ಸಂಸ್ಥೆಗಳಿಗೆ ಹೋಗಿ, ಹೆಸರು ಕೊಡುವ ಮುನ್ನ ಏನೇನು ನೋಡಬೇಕೆಂದು ಕಲಿಸಲು ಅವರು ಹೊರಟಿದ್ದಾರೆ. ಆ ಕೆಲಸಕ್ಕೆ ಅವರ ಕಾಲಿಗೂ ಕಂಠಕ್ಕೂ ಬಲವಿರಲಿ. ಈ ಲೇಖನದ ಕೊನೆಯ ಸಾಲನ್ನು ಬರೆಯುವ ಹಕ್ಕು ಮಾತ್ರ ಶಿವಾನಿಯದಲ್ಲ. ಅದನ್ನು ಅವರೇ ತಮ್ಮ ಕೈಯಾರೆ ಬರೆದು ಸಹಿ ಹಾಕಿ ಕಳಿಸಿದ್ದಾರೆ. ಇದ್ದಂತೆಯೇ ಅಚ್ಚು ಹಾಕಿದ್ದೇವೆ.

ಧನಕವಡಿ ಚೌಕದ ಉಡುಪಿ ಹೋಟೆಲಿನ ಮಾಲೀಕರಾಗಿದ್ದ ಶ್ರೀ ಮಧುಕರ ಸುವರ್ಣ ಅವರು ಆ ಚಿತ್ರವನ್ನು ಹಾಕಿರಲಿಲ್ಲ. ಅವರ ಹೆಸರು ಕೊಟ್ಟವನು ನಾನು.

ಧರ್ಮಣ್ಣ ಹಳ್ಳೂರ