ಅಣ್ಣನ ಪದ್ಯ, ತಂಗಿಯ ಕಡಲು

ಇನ್ನೂ ಬೆಳಕು ಹರಿದಿಲ್ಲ. ಟ್ರಲೀ ಎಂಬ ಐರಿಷ್ ಪಟ್ಟಣದ ಹಳೆಯ ಕಾನ್ವೆಂಟಿನ ಹಿಂದಿನ ಕೋಣೆಯಲ್ಲಿ ಗೋಬ್ನಿಟ್ ಲ್ಯೂಸಿ ಹಾಲಿನ ಪಾತ್ರೆಯಲ್ಲಿ ಗೋಧಿಹಿಟ್ಟಿನ ಗಂಜಿ ಕಾಯಿಸುತ್ತಿದ್ದಾರೆ. ಉರಿ ಸಣ್ಣದು. ಮರದ ಚಮಚ ಬಿಡದೆ ತಿರುಗುತ್ತಿದೆ. ಗಂಜಿ ತಿಳಿಯಾಗಿ ಹೊಳೆಯತೊಡಗಿದ ಮೇಲೆ ಇಳಿಸಿ, ಆರಿಸಿ, ಸಣ್ಣ ಜರಡಿಯಲ್ಲಿ ಸೋಸುತ್ತಾರೆ. ಹರಿದ ಕಾಗದವನ್ನು ಕೂಡಿಸುವ ಅಂಟು ಇದು. ನಿನ್ನೆಯದು ಇಂದಿಗೆ ಬಾರದು.

"ನನಗೂ ಒಂದು ಬಟ್ಟಲು ಹಾಕು ಮಾರಾಯ್ತಿ," ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ ಸಂಗ್ರಹಾಲಯದ ಮುಖ್ಯಸ್ಥ ಡೋನಲ್ ಕ್ವಿರ್ಕ್. "ಸಕ್ಕರೆ ಬೇಕಾದ್ರೆ ನಾನೇ ತರ್ತೀನಿ."

"ತಿನ್ನು, ಯಾರು ಬೇಡ ಅಂದ್ರು? ಬಾಯಿ ಅಂಟ್ಕೊಂಡ್ರೆ ಮಧ್ಯಾಹ್ನದವರೆಗಾದ್ರೂ ನಮಗೆ ನೆಮ್ಮದಿ."

ಸನ್ಯಾಸಿನಿಯರು ಬಿಟ್ಟುಹೋದ ಈ ಕಟ್ಟಡದಲ್ಲಿ ಈಗ ಕೆರಿ ಸೀಮೆಯ ಬರಹಗಾರರ ಕೈಬರಹಗಳಿವೆ. ಪದ್ಯದ ಕರಡುಗಳು, ನಾಟಕದ ಹೊಡೆದುಹಾಕಿದ ಪುಟಗಳು, ಕೈಮುದ್ರಣದ ಚಿತ್ರಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಕುಳಿತಿವೆ. ಡಬ್ಲಿನ್ನಿನಿಂದ, ಅದಕ್ಕೂ ದೂರದಿಂದ ಓದುವವರು ಬರುತ್ತಾರೆ. ಡೋನಲ್‌ಗೆ ವಂದನೆ ಹೇಳಿ ಹೋಗುತ್ತಾರೆ. ಹಿಂದಿನ ಕೋಣೆಯ ಬಾಗಿಲನ್ನು ತಟ್ಟುವವರು ಕಡಿಮೆ.

ಗೋಬ್ನಿಟ್ ಬ್ಯಾಲಿವೂರ್ನಿ ಕಡೆಯವರು, ಹಸು ಕಟ್ಟಿ ಬಾಳಿದ ಮನೆಯ ಮಗಳು. ಅವರ ಗಂಡ ಕಾನ್ ಊರೂರಿನ ಚರ್ಚುಗಳ ಪ್ರಾರ್ಥನಾ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಕಾಗದ ದುರಸ್ತಿಯ ಈ ಕೆಲಸವನ್ನು ಅವರು ಅವನ ಮಗ್ಗುಲಲ್ಲಿ ಕುಳಿತೇ ಕಲಿತರು. ಇಲ್ಲಿ ಅವರದು ವರ್ಷವರ್ಷಕ್ಕೂ ಕರಾರು ಹೊಸದಾಗಿ ಬರೆದುಕೊಡುವ ನೌಕರಿ. ಚಳಿಗೆ ಬೆರಳಿನ ಗೆಣ್ಣುಗಳು ಊದಿಕೊಳ್ಳುತ್ತವೆ. ಕಳೆದ ನವೆಂಬರಿನಲ್ಲಿ, ತೀರಿಕೊಂಡವರ ಆತ್ಮಗಳಿಗಾಗಿ ಊರೆಲ್ಲ ಪ್ರಾರ್ಥಿಸುವ ತಿಂಗಳಲ್ಲೇ, ದೇವರು ಕಾನ್‌ನನ್ನು ಕರೆದುಕೊಂಡ. ಮಣ್ಣು ಮಾಡಿದ ವಾರದಲ್ಲೇ ಗೋಬ್ನಿಟ್ ಕೆಲಸಕ್ಕೆ ಬಂದರು.

"ಮನೇಲಿ ಕೂತು ಏನ್ ಮಾಡ್ಲಿ?" ಎನ್ನುತ್ತಾರೆ. "ಅವನಿಗೋಸ್ಕರ ಜಪಮಾಲೆ ಹಿಡೀತೀನಿ, ಮುಗಿಯುತ್ತೆ. ಆಮೇಲೆ ಈ ಕೈಗೆ ಏನಾದ್ರೂ ಬೇಕಲ್ಲ."

ಬ್ರಾಸ್ನನ್ ಪೆಟ್ಟಿಗೆಯ ಪೇಚು ಅವರ ಮೇಜಿಗೆ ಬಂದದ್ದು ಆಗಲೇ.

ಬ್ರ್ಯಾಂಡನ್ ಕೊಲ್ಲಿಯ ಕಡೆ ಶಾಲಾಮಾಸ್ತರರಾಗಿದ್ದ ಮಾರ್ಟಿ ಬ್ರಾಸ್ನನ್ ಐರಿಷ್ ಭಾಷೆಯಲ್ಲಿ ಪದ್ಯ ಬರೆಯುತ್ತಿದ್ದರು. ತಂಗಿ ನೋನಿ ಮರದ ಅಚ್ಚು ಕೆತ್ತಿ ಆ ಪದ್ಯಗಳಿಗೆ ಚಿತ್ರ ಒತ್ತಿ, ಕೈಯಿಂದ ಬಣ್ಣ ತುಂಬುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ತೊಂಬತ್ತು ದಾಟಿದ ನೋನಿ ಕಾಗದಗಳನ್ನೆಲ್ಲ ಸಂಗ್ರಹಾಲಯಕ್ಕೆ ಕೊಟ್ಟರು. ಪೆಟ್ಟಿಗೆ ತಮ್ಮ ಮನೆಯ ಹೊಸ್ತಿಲು ದಾಟುವ ಮುಂಚೆ, ಬಾಗಿಲ ಬಳಿಯ ತೀರ್ಥದ ಬಾಟಲಿಯನ್ನೆತ್ತಿ, ತೆರೆದ ಪೆಟ್ಟಿಗೆಯ ಮೇಲೆ ಧಾರಾಳವಾಗಿಯೇ ಚಿಮುಕಿಸಿಬಿಟ್ಟರು.

"ಮನೆ ಬಿಟ್ಟು ಹೋಗೋರಿಗೆ ತೀರ್ಥ ಹಾಕದೆ ಯಾವತ್ತು ಕಳಿಸಿದೀವಿ?" ಎಂಬುದು ನೋನಿಯವರ ಮಾತು. "ಹಸು ಸಂತೆಗೆ ಹೋದ್ರೂ ಹಾಕ್ತೀವಿ. ಹೊರಟಿದ್ದು ನಮ್ಮ ಮಾರ್ಟಿ ಅಲ್ವಾ?"

ಸೀಮೆಯ ಯಾವ ತಾಯಿಯಾದರೂ ಹಾಗೇ ಮಾಡುತ್ತಿದ್ದಳು. ಆದರೆ ಮಾರ್ಟಿ ಬರೆಯುತ್ತಿದ್ದದ್ದು ನೀರು ತಾಕಿದರೆ ನೇರಳೆಯಾಗಿ ಹರಡುವ ಪೆನ್ಸಿಲಿನಲ್ಲಿ. ನೋನಿ ಬಣ್ಣಕ್ಕೆ ಬೆರೆಸುತ್ತಿದ್ದದ್ದು ಗೋಂದು. ಮೇಲಿದ್ದದ್ದು ಅವರ ಕಡಲಿನ ಚಿತ್ರ. ಅದರಡಿ ಮುಖಕ್ಕೆ ಮುಖ ಕೊಟ್ಟು ಮಲಗಿದ್ದದ್ದು ಮಾರ್ಟಿಯ ಕೊನೆಯ ಪದ್ಯ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೇರಿ ಅದರ ಹಿಂದಿನ ಚಳಿಗಾಲ ಕಳೆಯುವಷ್ಟರಲ್ಲಿ ಎರಡೂ ಒಂದೇ ಹಲಗೆಯಂತೆ ಅಂಟಿಕೊಂಡಿದ್ದವು. ಪದ್ಯಕ್ಕೆ ಬೇರೆ ಪ್ರತಿಯಿಲ್ಲ. ಅದನ್ನು ಪೂರ್ತಿಯಾಗಿ ಓದಿದವರೂ ಇಲ್ಲ. ಚಿತ್ರದ ಮರದಚ್ಚು ಎಂದೋ ಒಲೆ ಸೇರಿದೆ.

ನೆನೆಸಿ ಬಿಡಿಸೋಣವೆಂದರೆ ಪೆನ್ಸಿಲಿನ ಬರಹ ಹರಡಿಹೋಗುತ್ತದೆ. ಚಿತ್ರವನ್ನು ಬೆನ್ನಿನಿಂದ ಎಳೆಎಳೆಯಾಗಿ ಕೆರೆದು ತೆಗೆದು, ಪದ್ಯವನ್ನು ಉಳಿಸಿಕೊಳ್ಳುವುದೆಂದು ಸಂಗ್ರಹಾಲಯದ ಸಮಿತಿ ತೀರ್ಮಾನಿಸಿತು. ನೋನಿಯೂ ಗೋಬ್ನಿಟ್‌ಗೆ ಫೋನ್ ಮಾಡಿ ಒಪ್ಪಿಬಿಟ್ಟರು.

"ನನ್ನ ಬಣ್ಣದ ಚೀಟಿ ಹೋದ್ರೆ ಹೋಗ್ಲಿ ಮಗಳೇ. ತಪ್ಪು ಮಾಡಿದ್ದು ನನ್ನ ಕೈ. ಅಣ್ಣನ್ನ ಉಳಿಸು."

ಗೋಬ್ನಿಟ್ ಒಪ್ಪಲಿಲ್ಲ.

"ಕೆರೆಯೋದು ಯಾವಾಗ ಬೇಕಾದ್ರೂ ಆಗುತ್ತೆ," ಎಂದರು ಡೋನಲ್‌ಗೆ. "ಕೆರೆದದ್ದನ್ನ ವಾಪಸ್ ಹಾಕಕ್ಕಾಗಲ್ಲ. ಈಸ್ಟರ್‌ವರೆಗೂ ನನಗೆ ಬಿಡು."

"ಅಷ್ಟರಲ್ಲಿ ಎರಡೂ ಕೆಟ್ರೆ? ಸಮಿತಿಗೆ ನಾನು ಯಾವ ಮುಖ ತೋರಿಸ್ಲಿ?"

"ಇರೋ ಮುಖಾನೇ ತೋರಿಸು. ಹೊಸದು ಎಲ್ಲಿಂದ ತರ್ತೀಯ?"

ಡೋನಲ್ ನಕ್ಕರೂ ಅವರ ಭಯ ಸುಳ್ಳಲ್ಲ. ಈಸ್ಟರ್ ಕಳೆದರೆ ಕೆರೆಯುವುದೇ ಸರಿ ಎಂದು ಹೇಳಿ ಬಿಟ್ಟುಕೊಟ್ಟರು.

ಅಂದಿನಿಂದ ಗೋಬ್ನಿಟ್ ಬೆಳಗಿನ ಜಾವಕ್ಕೇ ಬರುತ್ತಿದ್ದಾರೆ. ಕಟ್ಟಡದ ಬಿಸಿಕೊಳವೆಗಳು ಕಾಯುವ ಮುನ್ನ ಕಾನ್ವೆಂಟಿನ ಕಲ್ಲುಗೋಡೆಗಳಲ್ಲಿ ತಣ್ಣನೆಯ ತೇವ ನಿಂತಿರುತ್ತದೆ. ಆಗ ಕಾಗದ ಹೇಳಿದ ಮಾತು ಕೇಳುತ್ತದೆ. ಬಿಸಿ ಏರಿದರೆ ಅಂಚು ಸುರುಳಿ ಸುತ್ತಿ ಮುನಿಯುತ್ತದೆ. ನೀರಿನ ಹನಿ ದಾಟದೆ ಆವಿ ಮಾತ್ರ ದಾಟುವ ಬಟ್ಟೆಯನ್ನು ಚಿತ್ರದ ಬೆನ್ನಿಗೆ ಹಾಸಿ, ಅದರ ಮೇಲೆ ನೀರಲ್ಲಿ ನೆನೆಸಿ ಹಿಂಡಿದ ಒತ್ತುಕಾಗದ ಇಡುತ್ತಾರೆ. ಗೋಂದು ಮೆತ್ತಗಾಗಬೇಕು, ಪೆನ್ಸಿಲಿನ ಬರಹ ಏಳಬಾರದು. ಆ ಎರಡರ ನಡುವೆ ಸಿಗುವ ಹೊತ್ತಿನಲ್ಲಿ, ಚೂಪು ಮಾಡಿದ ಬಿದಿರಿನ ಅಲಗನ್ನು ಒಳಗೆ ತೂರಿಸಿ ಕೂದಲೆಳೆಯಷ್ಟು ಮುಂದೆ ಸರಿಯುತ್ತಾರೆ. ಬಿಟ್ಟ ಜಾಗ ಮತ್ತೆ ಅಂಟದಂತೆ ನವುರಾದ ಕಾಗದ ಸೇರಿಸಿ, ಸನ್ಯಾಸಿನಿಯರ ಹಳೆಯ ಇಸ್ತ್ರಿಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಭಾರವಿಡುತ್ತಾರೆ.

ಒಂದು ಮುಂಜಾನೆ ಅಲಗು ಎಡವಿತು. ಕಡಲಿನ ಒಂದು ಪಟ್ಟಿ ನೀಲಿ ಕಿತ್ತು ಪದ್ಯದ ಹಾಳೆಯಲ್ಲೇ ಉಳಿಯಿತು. ಗೋಬ್ನಿಟ್ ಅಲಗು ಕೆಳಗಿಟ್ಟು, ಶಿಲುಬೆಯ ಗುರುತು ಮಾಡಿಕೊಂಡು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಸಾಕು ಬಿಡು," ಎಂದರು ಡೋನಲ್ ಮೆಲ್ಲಗೆ. "ನಿನ್ನ ಕೈಲಿ ಆದಷ್ಟು ಮಾಡಿದೀಯ."

"ಕಾನ್‌ಗೂ ಡಾಕ್ಟರು ಹಾಗೇ ಅಂದ್ರು. ಅಲ್ಲಿ ನನ್ನ ಕೈಲಿ ಏನೂ ಇರ್ಲಿಲ್ಲ, ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಇದು ನನ್ನ ಕೈಲಿದೆ ಡೋನಲ್."

ಆ ದಿನ ಮುಟ್ಟಲಿಲ್ಲ. ಮಾರನೆಯ ದಿನ ಮೂಲೆ ಬದಲಾಯಿಸಿ, ಬಣ್ಣ ತೆಳುವಾಗಿರುವ ಆಕಾಶದ ಕಡೆಯಿಂದ ಮತ್ತೆ ಶುರುಮಾಡಿದರು. ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಬೆಳಗ್ಗೆ, ಬೀದಿಯಲ್ಲಿ ಹಾಲಿನ ಲಾರಿ ಹೋಗುತ್ತಿದ್ದಾಗ, ಎರಡು ಹಾಳೆಗಳು ಸದ್ದಿಲ್ಲದೆ ಬೇರೆಯಾದವು.

ಗಾಯವಿಲ್ಲದೆ ಅಲ್ಲ. ಪದ್ಯದ ನಡುವೆ ಒಂದು ನೀಲಿ ಗೀರಿದೆ. ಕಡಲಿನ ಅಲೆಗಳ ಮೇಲೆ ಮಾರ್ಟಿಯ ಅಕ್ಷರಗಳು ತಿರುವುಮುರುವಾಗಿ, ಮಸುಕು ನೇರಳೆಯಲ್ಲಿ ಕೂತಿವೆ. ಆದರೆ ಪದ್ಯ ಓದಬಹುದು, ಚಿತ್ರ ನೋಡಬಹುದು.

ಗುರುವಾರ ನೋನಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಗೋಬ್ನಿಟ್ ಅವರ ಕೈ ತೊಳೆಸಿ, ಒರೆಸಿ, ಎರಡು ಹಾಳೆಗಳನ್ನೂ ರಟ್ಟಿನ ಮೇಲಿಟ್ಟು ಮುಂದಿಟ್ಟರು. ಮುದುಕಿ ತಮ್ಮ ಕಡಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪದ್ಯವನ್ನು ಗಟ್ಟಿಯಾಗಿ ಓದತೊಡಗಿದರು. ಕೊನೆಯ ಚರಣದಲ್ಲಿ ದನಿ ನಿಂತಿತು. ಡೋನಲ್ ನೀರು ತರಲು ಎದ್ದರು.

"ಕಂದು ಹಾಯಿಯಂತೆ!" ಎಂದರು ನೋನಿ. "ನೋಡಿದ್ಯಾ ಮಗಳೇ? ಅಪ್ಪನ ದೋಣಿಗೆ ಕಂದು ಹಾಯಿ ಅಂತ ಬರೆದಿದಾನೆ! ಬಿಳಿ ಹಾಯಿ ಕಣೋ ಮಾರ್ಟಿ ಅದು, ಬಿಳಿ! ನಾನೇ ಹೊಲಿದಿದ್ದು, ನಾನೇ ಚಿತ್ರ ಬಿಡಿಸಿದ್ದು, ಇಲ್ಲಿದೆ ನೋಡು. ಸಾಯೋತನಕ ತರ್ಲೆ, ಸತ್ತ ಮೇಲೂ ತರ್ಲೆ."

ಬೈಯುತ್ತ ಬೈಯುತ್ತ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒಂದು ಹನಿಯೂ ಬೀಳದಂತೆ ಗೋಬ್ನಿಟ್ ರಟ್ಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

ಈಸ್ಟರ್ ಕಳೆದ ಮೇಲೆ ಎರಡೂ ಹಾಳೆಗಳು ಕಟ್ಟಡದ ಮುಂದಿನ ಹಜಾರದಲ್ಲಿ ಅಕ್ಕಪಕ್ಕ ತೂಗಲಿವೆ. ಕೆಳಗಿನ ಚೀಟಿಯಲ್ಲಿ ಅಣ್ಣ ತಂಗಿಯರ ಹೆಸರಿರುತ್ತದೆ. ನಿಮ್ಮದೂ ಬೇಡವೇ ಎಂದರೆ ಗೋಬ್ನಿಟ್ ಕೈ ಝಾಡಿಸುತ್ತಾರೆ. ಮೇಜಿನ ಮೇಲೆ ಆಗಲೇ ಇನ್ನೊಂದು ಪೆಟ್ಟಿಗೆ ತೆರೆದಿದೆ.

"ಒಂದೇ ಹಾಳೆ ಉಳಿದಿದ್ರೆ," ಎನ್ನುತ್ತಾರೆ, "ಆ ಅಜ್ಜಿ ಯಾರ ಜೊತೆ ಜಗಳ ಆಡ್ತಿತ್ತು ಹೇಳಿ?"